ಹೊಲ ಮಾರಿದವರು, ಹೊಲ ಕೊಂಡವನು

ಮುಂದೇನಾಗುತ್ತದೆ ಎಂದು ಕೇಳುವ ಚಟ ನಮ್ಮ ದಾವಣಗೆರೆ–ಹರಿಹರ ಸೀಮೆಯವರಿಗೆ ಹೊಸದಲ್ಲ. ಭರತ ಹುಣ್ಣಿಮೆ ಬಂತೆಂದರೆ ಹೊಳೆಗುಂಟ ಕೆಳಗಿರುವ ಮೈಲಾರಕ್ಕೆ ಬಂಡಿ, ಟ್ರ್ಯಾಕ್ಟರ್, ಬಸ್ಸು ಹೊರಡುತ್ತವೆ. ಗೊರವಯ್ಯ ಬಿಲ್ಲೇರಿ 'ಸದ್ದಲೇ' ಎಂದ ಕೂಡಲೇ ಅಷ್ಟು ದೊಡ್ಡ ಜನಸಾಗರ ಗಪ್ಪಾಗುತ್ತದೆ. ಅವನು ನುಡಿಯುವುದು ಒಂದೇ ಸಾಲು. ಆಮೇಲೆ ಆ ಸಾಲನ್ನು ಮಳೆಗೆ ಹಚ್ಚಿ, ಬೆಳೆಗೆ ಹಚ್ಚಿ, ರಾಜಕೀಯಕ್ಕೆ ಹಚ್ಚಿ ವರ್ಷವಿಡೀ ಕಟ್ಟೆ ಮೇಲೆ ಮಾತಾಡುತ್ತೇವೆ. ಅದರಲ್ಲಿ ಭಯವೂ ಇದೆ, ಆಸೆಯೂ ಇದೆ, ಸ್ವಲ್ಪ ತಮಾಷೆಯೂ ಇದೆ.

ಈಗ ಕಾರಣಿಕ ಫೋನಿನಲ್ಲೂ ಬರುತ್ತದೆ. ಅದರಲ್ಲಿ ತಮಾಷೆ ಇಲ್ಲ. ಕೊರೊನಾ ಕಾಲದಲ್ಲಿ ಬಂದ ಸಂದೇಶಗಳನ್ನು ನೆನಪಿಸಿಕೊಳ್ಳಿ. ಲಸಿಕೆ ಹಾಕಿಸಿಕೊಂಡರೆ ಬೈಬಲಿನಲ್ಲಿ ಹೇಳಿದ 666ರ ಗುರುತು ಮೈಗೆ ಬೀಳುತ್ತದೆ, ಇದು ಕಡೆಗಾಲ, ಇನ್ನು ಕೆಲವೇ ತಿಂಗಳು ಎಂದೆಲ್ಲ ಬಂತು. ಕ್ರೈಸ್ತರ ಮನೆಗಳಿಗೆ ಮಾತ್ರ ಅಲ್ಲ, ಎಲ್ಲರ ಮನೆಗೂ ಬಂತು. ಇಂಥ ಸಂದೇಶ ಓದಿ ಸೂಜಿ ಮುಂದಕ್ಕೆ ಹಾಕಿದವರು, ರಾತ್ರಿ ನಿದ್ದೆ ಕೆಡಿಸಿಕೊಂಡವರು ನಮಗೆ ಗೊತ್ತಿರುವ ಮನೆಗಳಲ್ಲೇ ಇದ್ದಾರೆ.

ಹಾಗಾಗಿ ನಾವು ಒಂದು ಪ್ರಶ್ನೆ ಹಿಡಿದು ಹಳೆಯ ಪುಸ್ತಕಗಳಿಗೆ ಹೋದೆವು. ಬೈಬಲಿನ ಈ 'ಕಡೆಗಾಲ' ನಮ್ಮ ನಾಡಿಗೆ ಯಾವಾಗ ಬಂತು, ಬಂದಾಗ ಇಲ್ಲಿಯವರು ಅದನ್ನು ಹೇಗೆ ಕೇಳಿಸಿಕೊಂಡರು? ಸಿಕ್ಕ ಕಥೆ ನಾವು ಅಂದುಕೊಂಡದ್ದಕ್ಕಿಂತ ಬಹಳ ದೊಡ್ಡದು.

ಮೊದಲು ಜಾಗ ಹೇಳಿಬಿಡುತ್ತೇವೆ. ಹರಿಹರದ ಹೊಳೆ 1956ರವರೆಗೂ ಬರೀ ಹೊಳೆಯಲ್ಲ, ಗಡಿ. ಈಚೆ ದಡ ಮೈಸೂರು ಸಂಸ್ಥಾನ, ಆಚೆ ದಡ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಪೂರ್ವಕ್ಕೆ ಹರಪನಹಳ್ಳಿ, ಬಳ್ಳಾರಿ ಕಡೆಯದು ಮದ್ರಾಸು ಪ್ರಾಂತ. ಮೂರು ಆಡಳಿತಗಳು ಕೂಡುವ ಮೂಲೆ ನಮ್ಮದು. ಮಿಷನರಿಗಳೂ ಹಾಗೇ ಹಂಚಿಕೊಂಡಿದ್ದರು. ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್, ಧಾರವಾಡದ ಕಡೆ ಬಾಸೆಲ್ ಮಿಷನ್, ಬಳ್ಳಾರಿಯಲ್ಲಿ ಲಂಡನ್ ಮಿಷನ್. ಕನ್ನಡ ಬೈಬಲ್ ಹುಟ್ಟಿದ್ದು ಈ ಬಳ್ಳಾರಿಯ ಕೆಲಸದಿಂದ. 1810ರಲ್ಲಿ ಅಲ್ಲಿಗೆ ಬಂದ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಜೊತೆಗಾರ ವಿಲಿಯಂ ರೀವ್ ನೆರವು ಪಡೆದು ಎರಡು ದಶಕ ದುಡಿದ. 1831ಕ್ಕೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಹೆಸರಿಲ್ಲದೆ ಉಳಿದ ಊರಿನ ಪಂಡಿತರು ಎಷ್ಟು ಪದ ಹುಡುಕಿ ಕೊಟ್ಟರೋ, ಅದರ ಲೆಕ್ಕ ಇಟ್ಟವರಿಲ್ಲ.

ಆ ಪುಸ್ತಕದ ಕೊನೆಯ ಭಾಗ 'ಪ್ರಕಟನೆ'. ಏಳು ಮುದ್ರೆ, ನಾಲ್ಕು ಕುದುರೆ, ಮೃಗ, ಘಟಸರ್ಪ, 666 ಎಲ್ಲ ಇರುವುದು ಅದರಲ್ಲೇ. ಫೋನಿಗೆ ಬರುವ ಸಂದೇಶಗಳ ಸರಕು ಹೆಚ್ಚಾಗಿ ಅಲ್ಲಿಯದು.

ಕನ್ನಡ ನಾಡಿಗೆ ಇಂಥ ಮಾತು ಹೊಸದಾಗಿರಲಿಲ್ಲ ಎಂಬುದೇ ಸೋಜಿಗ. ನಮ್ಮಲ್ಲಿ ಕಾಲಜ್ಞಾನದ ವಚನಗಳು ಮೊದಲೇ ಇದ್ದವು. ಕೊಡೇಕಲ್ಲ ಬಸವಣ್ಣನವರ ಕಾಲಜ್ಞಾನವನ್ನು ಯಾದಗಿರಿ ಕಡೆ ಇವತ್ತಿಗೂ ಓದುತ್ತಾರೆ. ವೀರಶೈವ ಕಾಲಜ್ಞಾನಗಳಲ್ಲಿ ವೀರ ವಸಂತರಾಯ ಬರುತ್ತಾನೆ, ಹಾಳಾದ ಕಲ್ಯಾಣವನ್ನು ಮತ್ತೆ ಕಟ್ಟುತ್ತಾರೆ ಎಂಬ ಮಾತಿದೆ. ಕಲ್ಯಾಣ ಕೆಟ್ಟದ್ದು 12ನೇ ಶತಮಾನದಲ್ಲಿ. ಏಳು ನೂರು ವರ್ಷ ಕಳೆದರೂ ಜನ ಅದು ಮತ್ತೆ ಏಳುವುದನ್ನು ಕಾಯುತ್ತಿದ್ದರು.

1840ರ ಆಸುಪಾಸು. ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ಕಾಲಜ್ಞಾನ ನಂಬಿದ ಒಂದು ಗುಂಪಿನವರು ಬಾಸೆಲ್ ಮಿಷನರಿಗಳ ಹತ್ತಿರ ಬಂದರು. ಮಿಷನ್ ದಾಖಲೆಗಳು ಅವರನ್ನು 'ಕಾಲಜ್ಞಾನಿ'ಗಳು ಎಂದೇ ಕರೆಯುತ್ತವೆ. ತಮ್ಮ ಗ್ರಂಥಗಳು ಹೇಳುವ ಹೊಸ ಕಾಲಕ್ಕೂ ಈ ಪರದೇಶಿಗಳು ಸಾರುವ ಮಾತಿಗೂ ನಂಟಿದೆ ಎಂದು ಅವರಿಗೆ ಅನ್ನಿಸಿತ್ತು. ಮಿಷನರಿಗಳಿಗೆ ಹಿಗ್ಗೋ ಹಿಗ್ಗು. ಕರೆಯದೇ ಬಂದ ಜನ, ಅದೂ ಒಬ್ಬಿಬ್ಬರಲ್ಲ, ಊರೂರುಗಳ ಮಾತು. ಹೆರ್ಮನ್ ಮೊಗ್ಲಿಂಗ್ ಎಂಬ ಯುವಕ ಇದನ್ನು ಬಹಳ ಹಚ್ಚಿಕೊಂಡ. ಇವರು ನೆಲೆ ನಿಲ್ಲಲೆಂದು 1841ರಲ್ಲಿ ಗದಗ–ಬೆಟಗೇರಿ ಹತ್ತಿರದ ಮಲ್ಲಸಮುದ್ರದಲ್ಲಿ ಜಮೀನು ಹಿಡಿದು ಒಂದು ಒಕ್ಕಲು ವಸಾಹತನ್ನೇ ಶುರು ಮಾಡಿದರು.

ಜನ ಬರಲಿಲ್ಲ. ಬರುತ್ತೇವೆ ಎಂದ ಊರುಗಳು ಹಿಂದೆ ಸರಿದವು. ಮಿಷನರಿಗಳು ಅಂದುಕೊಂಡ ಸಾಮೂಹಿಕ ಮತಾಂತರ ಆಗಲೇ ಇಲ್ಲ. ಮಿಷನ್ ಬರಹಗಳಲ್ಲಿ ಇದನ್ನು ಮೋಸ, ಚಂಚಲತೆ ಎಂಬಂತೆ ಬರೆದದ್ದುಂಟು. ನಮಗೆ ಹಾಗೆ ಕಾಣುವುದಿಲ್ಲ. ಎರಡು ಕಡೆಯವರೂ ಎದುರಿಗಿದ್ದವರಲ್ಲಿ ತಮ್ಮ ಭವಿಷ್ಯವಾಣಿಯನ್ನೇ ಕಂಡರು. ಕಾಲಜ್ಞಾನಿಗಳಿಗೆ ಮಿಷನರಿ ಬೇಕಾಗಿರಲಿಲ್ಲ, ಹೊಸ ಕಾಲ ಬೇಕಾಗಿತ್ತು. ಮಿಷನರಿಗಳಿಗೂ ಅಷ್ಟೇ, ಸುಗ್ಗಿ ಬಂತು ಅನ್ನಿಸಿತ್ತು. ಇಬ್ಬರೂ ಕಾದವರೇ.

ಮಿಷನರಿಗಳು ಯಾಕೆ ಹಾಗೆ ಕಾಯುತ್ತಿದ್ದರು ಎಂದು ತಿಳಿಯಲು ಅವರ ಊರಿಗೆ ಹೋಗಬೇಕು. ಅದು ಜರ್ಮನಿಯ ವುರ್ಟೆಂಬರ್ಗ್ ಸೀಮೆ. ದ್ರಾಕ್ಷಿ ತೋಟ, ಸಣ್ಣ ಹಿಡುವಳಿ, ಬಡತನ, ಭಕ್ತಿ. ಮೊಗ್ಲಿಂಗ್ ಹುಟ್ಟಿದ್ದು ಅಲ್ಲಿ, 1811ರಲ್ಲಿ. ಅವನಿಗಿಂತ ನೂರು ವರ್ಷ ಮೊದಲು ಅದೇ ಸೀಮೆಯಲ್ಲಿ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ ಎಂಬ ಮಹಾ ಪಂಡಿತನಿದ್ದ. ಹೊಸ ಒಡಂಬಡಿಕೆಯ ಗ್ರೀಕ್ ಪ್ರತಿಗಳನ್ನು ಸಾಲು ಸಾಲಾಗಿ ಹೋಲಿಸಿ ಶುದ್ಧ ಪಾಠ ಹುಡುಕಿದವನು. ಅವನ ಬೈಬಲ್ ಟಿಪ್ಪಣಿಗಳನ್ನು ಪಂಡಿತರು ಇವತ್ತಿಗೂ ಗೌರವದಿಂದ ನೋಡುತ್ತಾರೆ. ಇಷ್ಟು ಜಾಣನಾದವನು ಪ್ರಕಟನೆಯ ಅಂಕಿಗಳನ್ನು ಕೂಡಿ ಗುಣಿಸಿ ಒಂದು ಇಸವಿ ತೆಗೆದ. ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಗೆ ದಾರಿ ತೆರೆಯುವುದು 1836ರಲ್ಲಿ ಎಂದ.

ಬೆಂಗೆಲ್ 1752ರಲ್ಲಿ ತೀರಿಕೊಂಡ. ಲೆಕ್ಕ ಉಳಿಯಿತು. ಅಜ್ಜಂದಿರು ಮೊಮ್ಮಕ್ಕಳಿಗೆ ಹೇಳಿದರು. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು ಆಕಾಶ ಸೇರಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಪೈರು ಕೊಳೆಯಿತು, ವುರ್ಟೆಂಬರ್ಗಿನಲ್ಲಿ ಭೀಕರ ಬರ. ಕಾರಣ ಏನೆಂದು ಯಾರಿಗೂ ತಿಳಿಯದು. ಸಾವಿರಾರು ಮೈಲಿ ಆಚೆ ಒಂದು ಬೆಟ್ಟ ಸಿಡಿದದ್ದಕ್ಕೆ ತಮ್ಮ ಆಲೂಗಡ್ಡೆ ಕೊಳೆಯಿತು ಎಂದು ರೈತ ಊಹಿಸುವುದಾದರೂ ಹೇಗೆ? ಅವನಿಗೆ ಕೈಗೆ ಸಿಕ್ಕ ಕಾರಣ ಬೆಂಗೆಲ್‌ನ ಲೆಕ್ಕ. ಕಡೆಗಾಲ ಬಂತು, ಪೂರ್ವದಿಕ್ಕಿನಲ್ಲಿ ಆಶ್ರಯವಿದೆ ಎಂದುಕೊಂಡು 1817ರಲ್ಲಿ ಸಾವಿರಾರು ಜನ ಹೊಲ, ಮನೆ, ದನ ಮಾರಿ ಡ್ಯಾನ್ಯೂಬ್ ನದಿಗುಂಟ ಕಾಕಸಸ್ ಬೆಟ್ಟಗಳ ಕಡೆಗೆ ಹೊರಟರು. ದಾರಿಯಲ್ಲೇ ಜ್ವರಕ್ಕೆ ಸಿಕ್ಕು ಸತ್ತವರು ಬಹಳ. ಬದುಕಿ ಹೋದವರು ಟಿಫ್ಲಿಸ್ ಸುತ್ತಮುತ್ತ ಊರು ಕಟ್ಟಿ ಮತ್ತೆ ಅದೇ ದ್ರಾಕ್ಷಿ ಬೆಳೆದರು.

1836 ಬಂತು, ಹೋಯಿತು. ಏನೂ ಆಗಲಿಲ್ಲ. ಮೊಗ್ಲಿಂಗ್ ಭಾರತಕ್ಕೆ ಹಡಗು ಹತ್ತಿದ್ದು ಅದೇ ವರ್ಷ. ಅವನು ಆ ಲೆಕ್ಕವನ್ನು ನಂಬಿದ್ದನೆಂದು ನಾವು ಹೇಳುತ್ತಿಲ್ಲ. ಆದರೆ ಆ ಲೆಕ್ಕದ ಗಾಳಿ ಕುಡಿದು ಬೆಳೆದ ಮನೆಗಳ ಸೀಮೆಯಿಂದ ಬಂದವನು ಅವನು. ಅಂಥವನ ಎದುರಿಗೆ ಹುಬ್ಬಳ್ಳಿ ಸೀಮೆಯ ಕಾಲಜ್ಞಾನಿಗಳು ಬಂದು ನಿಂತಾಗ ಆ ಕ್ಷಣ ಹೇಗಿದ್ದಿರಬೇಕು! ವುರ್ಟೆಂಬರ್ಗಿನ ಲೆಕ್ಕವೂ ಕಲ್ಯಾಣದ ಕಾಲಜ್ಞಾನವೂ ಒಂದೇ ಜಗಲಿಯ ಮೇಲೆ ಕೂತಂತೆ. ಹೀಗೆ ದಿನ ಎಣಿಸಿದವರು ಇವರಿಬ್ಬರೇ ಅಲ್ಲ. ಕೆಲವೇ ವರ್ಷಗಳಲ್ಲಿ ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬವನ ಮಾತು ನಂಬಿದವರು 1844ರ ಅಕ್ಟೋಬರ್ 22ಕ್ಕೆ ಕಾದು ಕೂತರು. ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟವರೂ ಅವರಲ್ಲಿದ್ದರು. ಮರುದಿನ ಎಂದಿನಂತೆ ಸೂರ್ಯ ಹುಟ್ಟಿದ.

ಮಲ್ಲಸಮುದ್ರದ ಆಸೆ ಒಡೆದ ಮೇಲೆ ಮೊಗ್ಲಿಂಗ್ ಏನು ಮಾಡಿದ ಎಂಬುದು ನಮಗೆ ಮುಖ್ಯ ಅನ್ನಿಸಿತು. ಅವನು ಇನ್ನೊಂದು ದಿನಾಂಕ ಹುಡುಕಲಿಲ್ಲ. 1843ರ ಜುಲೈ 1ಕ್ಕೆ 'ಮಂಗಳೂರ ಸಮಾಚಾರ' ತಂದ. ಕನ್ನಡದ ಮೊದಲ ಪತ್ರಿಕೆ ಅದು. ಪತ್ರಿಕೋದ್ಯಮ ಓದಿದ ನಮಗೆಲ್ಲ ಜುಲೈ 1 ಪತ್ರಿಕಾ ದಿನ. ಆ ದಿನದ ಭಾಷಣಗಳಲ್ಲಿ ಮಲ್ಲಸಮುದ್ರದ ಮಾತು ಮಾತ್ರ ಯಾರೂ ಎತ್ತುವುದಿಲ್ಲ. ಆಮೇಲೆ ಬಸವ ಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಉಳಿಸಿದ. ಕೊಡಗಿಗೆ ಹೋಗಿ, ಜಮೀನ್ದಾರರ ಜೀತದಲ್ಲಿದ್ದ ಹೊಲೆಯ ಕುಟುಂಬಗಳಿಗಾಗಿ ಆನಂದಪುರ ಎಂಬ ಊರು ಕಟ್ಟಿದ. ಅವನ ಜೊತೆಗಾರ ಗಾಟ್‌ಫ್ರೀಡ್ ವೈಗ್ಲೆ ಕನ್ನಡ ಬೈಬಲನ್ನು ತಿದ್ದುವ ಕೆಲಸಕ್ಕೆ ಕೂತು, ಅದರಲ್ಲೇ ಸವೆದು 1855ರಲ್ಲಿ ತೀರಿಕೊಂಡ. ಮಿಷನರಿಗಳ ಎಲ್ಲ ಕೆಲಸ ಮೆಚ್ಚಬೇಕು ಎಂದೇನಿಲ್ಲ. ನಮ್ಮ ದೇವರುಗಳ ಬಗ್ಗೆ ಅವರು ಬರೆದ ಕೆಲವು ಮಾತು ಓದಿದರೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ಕಾದದ್ದು ಬಾರದಿದ್ದಾಗ ಅವರು ಕೈಕಟ್ಟಿ ಕೂರಲಿಲ್ಲ.

ನಿಜವಾಗಿ 'ಲೋಕ ಮುಗಿಯಿತು' ಎನ್ನುವ ಕಾಲ ನಮ್ಮ ಸೀಮೆಗೆ ಬಂದದ್ದು ಯಾರೂ ಲೆಕ್ಕ ಹಾಕದ ವರ್ಷದಲ್ಲಿ. 1876ರಿಂದ 78ರ ಧಾತು–ಈಶ್ವರ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಮೇಲೆ ಜನರಿದ್ದರು. 1881ರಲ್ಲಿ ಎಣಿಸಿದಾಗ 42 ಲಕ್ಷ ದಾಟಲಿಲ್ಲ. ಹೊಳೆಯ ಎರಡೂ ದಡದಲ್ಲಿ ಹಸಿವು. ಹತ್ತಿ ಬೆಳೆಯುವ ಎರೆಭೂಮಿಯೂ ಬಿರಿಯಿತು. ಅಂಥ ಹೊತ್ತಿನಲ್ಲಿ ಪ್ರಕಟನೆಯ ಕಪ್ಪು ಕುದುರೆಯ ಬಗ್ಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ವೆಸ್ಲಿಯನ್ ಮಿಷನ್ನಿನವರು ತುಮಕೂರು, ಹಾಸನಗಳಲ್ಲಿ ಬರಕ್ಕೆ ಸಿಕ್ಕಿ ತಬ್ಬಲಿಯಾದ ಮಕ್ಕಳಿಗೆ ಅನಾಥಾಲಯ ನಡೆಸಿದರು. ಮಠಗಳು, ಊರ ಗೌಡರು, ಸರ್ಕಾರದ ಗಂಜಿ ಕೇಂದ್ರಗಳು, ಎಲ್ಲರೂ ತಮಗಾದಷ್ಟು ಮಾಡಿದರು. ಸಾಲಲಿಲ್ಲ, ಆದರೂ ಮಾಡಿದರು.

ಇಷ್ಟು ಇತಿಹಾಸ ಓದಿದ ಮೇಲೆ ಬೈಬಲನ್ನೇ ಬಿಚ್ಚಿ ನೋಡಬೇಕಾಯಿತು. ದಾವಣಗೆರೆಯಲ್ಲೂ ಹರಿಹರದಲ್ಲೂ ಆರಾಧನೆ ಮುಗಿದ ಮೇಲೆ ಅಥವಾ ವಾರದ ನಡುವೆ ಸಂಜೆ ಹೊತ್ತು ಮನೆಗಳಲ್ಲಿ ಬೈಬಲ್ ಅಧ್ಯಯನ ನಡೆಯುತ್ತದೆ. ಒಂದು ಅಧ್ಯಾಯ ತೆಗೆದು, ಹಿಂದಿನದು ಮುಂದಿನದು ಕೂಡಿಸಿ, ಯಾರು ಯಾರಿಗೆ ಯಾವಾಗ ಹೇಳಿದರು ಎಂದು ಕೇಳುತ್ತಾ ಓದುವ ಕ್ರಮ. ಹಾಗೆ ಓದಿದರೆ ಫೋನಿನ ಸಂದೇಶಕ್ಕೂ ಪುಸ್ತಕಕ್ಕೂ ಅಜಗಜಾಂತರ ಕಾಣುತ್ತದೆ.

ಪ್ರಳಯ ಎಂಬ ಮಾತನ್ನೇ ನೋಡಿ. ಟಿ.ವಿ.ಯಲ್ಲಿ ಲೋಕದ ಕೊನೆಗೆ ಪ್ರಳಯ ಎನ್ನುತ್ತಾರೆ. ಕನ್ನಡ ಬೈಬಲಿನಲ್ಲಿ ಜಲಪ್ರಳಯ ಬರುವುದು ಕೊನೆಯಲ್ಲಲ್ಲ, ಮೊದಲ ಪುಸ್ತಕದಲ್ಲಿ, ನೋಹನ ಕಥೆಯಲ್ಲಿ. ನೀರು ಇಳಿದ ಮೇಲೆ ದೇವರು ಕೊಡುವ ಮಾತು ಬಿತ್ತನೆ, ಕೊಯ್ಲು, ಚಳಿ, ಬಿಸಿಲು ಇವು ನಿಲ್ಲುವುದಿಲ್ಲ ಎಂಬುದು. ಹೊಳೆ ಉಕ್ಕಿ ಹೊಲ ಮುಳುಗಿಸಿದ್ದನ್ನು ಕಂಡ ಹರಿಹರದವರಿಗೆ ಈ ಮಾತು ಬೇಗ ತಟ್ಟುತ್ತದೆ.

666ರ ವಿಷಯ. ಪ್ರಕಟನೆ ಬರೆದದ್ದು ಒಂದನೇ ಶತಮಾನದ ಕೊನೆಗೆ ಎಂದು ಬಹಳಷ್ಟು ಪಂಡಿತರ ಅಭಿಪ್ರಾಯ. ಅದು ಈಗಿನ ಟರ್ಕಿಯಲ್ಲಿದ್ದ ಏಳು ಸಣ್ಣ ಸಭೆಗಳಿಗೆ ಬರೆದ ಪತ್ರ. ಅವರ ಮೇಲೆ ರೋಮ್ ಸಾಮ್ರಾಜ್ಯದ ಬಿಗಿ ಇತ್ತು, ಚಕ್ರವರ್ತಿಯನ್ನು ಪೂಜಿಸು ಎಂಬ ಒತ್ತಡವಿತ್ತು. ಆಗಿನ ಹೀಬ್ರೂ, ಗ್ರೀಕ್ ಭಾಷೆಗಳಲ್ಲಿ ಅಕ್ಷರಕ್ಕೊಂದು ಅಂಕಿ. ನಮ್ಮ ಸಂಗೀತದವರು ಮೇಳಕರ್ತ ರಾಗಗಳ ಹೆಸರಿನಲ್ಲಿ ಸಂಖ್ಯೆ ಅಡಗಿಸುವ ಕಟಪಯಾದಿ ಇದೆಯಲ್ಲ, ಅದರ ಜಾತಿಯದೇ. ಕ್ರೈಸ್ತರನ್ನು ಕೊಲ್ಲಿಸಿದ ನೀರೋ ಚಕ್ರವರ್ತಿಯ ಹೆಸರನ್ನು 'ನೆರೋನ್ ಕೈಸರ್' ಎಂದು ಹೀಬ್ರೂ ಅಕ್ಷರದಲ್ಲಿ ಬರೆದು ಕೂಡಿದರೆ 50, 200, 6, 50, 100, 60, 200. ಒಟ್ಟು 666. ಕೆಲವು ಹಳೆಯ ಪ್ರತಿಗಳಲ್ಲಿ 616 ಎಂದಿದೆ. ಹೆಸರಿನ ಕೊನೆಯ 'ನ್' ಬಿಟ್ಟರೆ 50 ಕಳೆದು ಸರಿಯಾಗಿ ಅಷ್ಟೇ ಆಗುತ್ತದೆ. ಕೇಳಿದವರಿಗೆ ಅದು ಯಾರೆಂದು ಗೊತ್ತಿತ್ತು. ಆಧಾರ್ ಕಾರ್ಡಿಗೂ ಸೂಜಿಗೂ ಅದಕ್ಕೂ ಸಂಬಂಧ ಹಚ್ಚಿದ್ದು ನಾವು.

ಇನ್ನೂ ಒಂದು ಮಾತು ಸಂದೇಶಗಳಲ್ಲಿ ಬರುವುದೇ ಇಲ್ಲ. ಮೃಗದ ಗುರುತು ಇರುವುದು 13ನೇ ಅಧ್ಯಾಯದ ಕೊನೆಗೆ. ಪುಟ ತಿರುವದೆ 14ನೇ ಅಧ್ಯಾಯದ ಮೊದಲ ಸಾಲು ಓದಿದರೆ, ದೇವರ ಹೆಸರನ್ನು ಹಣೆಯ ಮೇಲೆ ಹೊತ್ತವರು ಬೆಟ್ಟದ ಮೇಲೆ ನಿಂತಿದ್ದಾರೆ. ಪುಸ್ತಕ ಮುಗಿಯುವುದು ಬೆಂಕಿಯಲ್ಲಲ್ಲ. ಒಂದು ಊರು ಮೇಲಿನಿಂದ ನೆಲಕ್ಕೆ ಇಳಿಯುತ್ತದೆ, ಅದರ ಬೀದಿಯ ನಡುವೆ ಹೊಳೆ, ದಡದಲ್ಲಿ ತಿಂಗಳು ತಿಂಗಳೂ ಹಣ್ಣು ಬಿಡುವ ಮರ, ಅದರ ಎಲೆ ಜನಾಂಗಗಳಿಗೆ ಔಷಧ. ದೇವರೇ ಕಣ್ಣೀರು ಒರೆಸುತ್ತಾನೆ. ಪ್ರತಿ ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಯಾವ ಜಾತಿ, ಯಾವ ಮತ ಎನ್ನದೆ ಕಾಯಿಲೆ ಕಸಾಲೆ ಹೊತ್ತು ಬರುವ ಜನರಿಗೆ ಆ ಮರದ ಮಾತು ಯಾರಾದರೂ ಹೇಳಿದರೆ ಚೆನ್ನಾಗಿತ್ತು ಎನ್ನಿಸುತ್ತದೆ. ಕುದುರೆ, ಘಟಸರ್ಪಗಳ ಸುದ್ದಿ ಮಾತ್ರ ಎಲ್ಲರಿಗೂ ಗೊತ್ತು.

ಸುಳ್ಳು ಸಂದೇಶವೂ ಹೊಸದಲ್ಲ. ಗ್ರೀಸಿನ ಥೆಸಲೋನಿಕ ಪಟ್ಟಣದ ಸಭೆಗೆ ಬರೆದ ಎರಡನೇ ಪತ್ರದಲ್ಲಿ ಪೌಲನ ಗೊಂದಲವೇ ಇದು. ಕರ್ತನ ದಿನ ಆಗಲೇ ಬಂದುಬಿಟ್ಟಿದೆ ಎಂದು, ತನ್ನ ಹೆಸರಿನದೆಂಬ ಪತ್ರ ತೋರಿಸಿ ಯಾರಾದರೂ ಹೇಳಿದರೂ ಬೆದರಬೇಡಿ ಎನ್ನುತ್ತಾನೆ. ಅದೇ ಪತ್ರದಲ್ಲಿ ಕೆಲಸ ಬಿಟ್ಟು ತಿರುಗುವವರನ್ನು ಗದರಿಸಿ, ದುಡಿದು ಉಣ್ಣಿರಿ ಎನ್ನುತ್ತಾನೆ. ಕಡೆಯ ದಿನ ಬಂತೆಂದು ಅವರು ಕೆಲಸ ಬಿಟ್ಟಿದ್ದರು ಎಂದು ಅನೇಕ ಓದುಗರು ಅರ್ಥ ಮಾಡುತ್ತಾರೆ. ಕೊನೆಗೆ, ಇದು ನನ್ನದೇ ಕೈಬರಹ, ನನ್ನ ಎಲ್ಲ ಪತ್ರಕ್ಕೂ ಇದೇ ಗುರುತು ಎಂದು ಸಹಿ ಹಾಕುತ್ತಾನೆ. ಫಾರ್ವರ್ಡ್ ಮಾಡಿದ್ದು ಯಾರು, ಬರೆದದ್ದು ಯಾರು ಎಂದು ನೋಡಿ ಎನ್ನುವುದನ್ನು ನಾವು ತರಗತಿಯಲ್ಲಿ ಕಲಿತೆವು. ಅವನು ಎರಡು ಸಾವಿರ ವರ್ಷದ ಹಿಂದೆ ಬರೆದಿಟ್ಟಿದ್ದ. ದಿನವೂ ಗಳಿಗೆಯೂ ಯಾರಿಗೂ ತಿಳಿಯದು, ಮಗನಿಗೂ ತಿಳಿಯದು ಎಂದು ಯೇಸುವೇ ಹೇಳಿದ ಮಾತು ಮಾರ್ಕನ ಸುವಾರ್ತೆಯಲ್ಲಿದೆ. ಬೆಂಗೆಲ್‌ಗೆ ಅದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೂ ಲೆಕ್ಕದ ಮೋಹ ಅಂಥದು.

ಕನ್ನಡ ಬೈಬಲಿನಲ್ಲಿ ಈ ಕಾಯುವಿಕೆಗೆ ಇಟ್ಟ ಪದ 'ನಿರೀಕ್ಷೆ'. ಭರವಸೆ ಎಂಬ ಅರ್ಥದಲ್ಲೇ ಅದನ್ನು ಬಳಸಿದ್ದಾರೆ. ನಮ್ಮ ಆಡುಮಾತಿನಲ್ಲಿ ನಿರೀಕ್ಷೆ ಎಂದರೆ ದಾರಿ ನೋಡುವುದು. ಈ ಎರಡೂ ಒಂದೇ ಪದದಲ್ಲಿ ಕೂತದ್ದು ನಮಗೆ ಸರಿಯಾಗಿ ಕಂಡಿತು. ಮುಂಗಾರು ಕಾಯುವ ರೈತ ಸುಮ್ಮನೆ ಮುಗಿಲು ನೋಡುತ್ತಾ ಕೂರುವುದಿಲ್ಲ. ಗೊಬ್ಬರ ಹಾಕುತ್ತಾನೆ, ಬದು ಸರಿ ಮಾಡುತ್ತಾನೆ, ಬೀಜಕ್ಕೆ ಸಾಲ ಮಾಡುತ್ತಾನೆ. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದಾಗ, ದಾವಣಗೆರೆಯ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತಾಗ, ಎಷ್ಟೋ ಮನೆಗಳಿಗೆ ಲೋಕ ಅಲ್ಲಿಗೇ ಮುಗಿದಂತಾಗಿತ್ತು. ಮರುದಿನ ಬೆಳಿಗ್ಗೆ ಎದ್ದು ಮಕ್ಕಳನ್ನು ಶಾಲೆಗೆ ಕಳಿಸಿದವರಿಗೆ ಈ ಪದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇಡೀ ಬೈಬಲಿನಲ್ಲಿ ಹಳ್ಳಿಯವರಿಗೆ ಹೆಚ್ಚು ಹತ್ತಿರದ ಕಡೆಗಾಲದ ಕಥೆ ನಮ್ಮ ಪ್ರಕಾರ ಪ್ರಕಟನೆಯಲ್ಲಿಲ್ಲ, ಯೆರೆಮೀಯನ ಪುಸ್ತಕದ 32ನೇ ಅಧ್ಯಾಯದಲ್ಲಿದೆ. ಕ್ರಿಸ್ತಪೂರ್ವ 587ರ ಹೊತ್ತು. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿ ಕೂತಿದೆ. ಊರು ಬೀಳುವುದು ಖಂಡಿತ ಎಂದು ಹೇಳಿದ ತಪ್ಪಿಗೆ ಯೆರೆಮೀಯನನ್ನು ರಾಜ ಕಾವಲಿನಲ್ಲಿ ಇಟ್ಟಿದ್ದಾನೆ. ಆಗ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಎನ್ನುತ್ತಾನೆ. ಶತ್ರು ಬೀಡುಬಿಟ್ಟ ನೆಲ ಅದು. ಅದಕ್ಕೆ ಯಾವ ಬೆಲೆ? ಯಾರು ಕೊಳ್ಳುತ್ತಾರೆ?

ಯೆರೆಮೀಯ ಕೊಂಡ. 17 ಶೆಕೆಲ್ ಬೆಳ್ಳಿ ತಕ್ಕಡಿಯಲ್ಲಿ ತೂಗಿ ಕೊಟ್ಟ. ಕ್ರಯಪತ್ರ ಬರೆದು, ಸಾಕ್ಷಿಗಳ ಸಹಿ ಹಾಕಿಸಿದ. ಪತ್ರ ಎರಡು, ಒಂದು ಮುದ್ರೆ ಒತ್ತಿ ಮುಚ್ಚಿದ್ದು, ಇನ್ನೊಂದು ಯಾರಾದರೂ ಓದುವಂತೆ ತೆರೆದದ್ದು. ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯ ವ್ಯವಹಾರದಷ್ಟೇ ಅಚ್ಚುಕಟ್ಟು. ಬಹುಕಾಲ ಉಳಿಯಲಿ ಎಂದು ಎರಡನ್ನೂ ಮಣ್ಣಿನ ಮಡಕೆಯಲ್ಲಿ ಇಡಲು ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷಿ ತೋಟಗಳ ಕ್ರಯ ನಡೆಯುವುದು ಎಂಬುದು ಆ ಪತ್ರಕ್ಕೆ ದೇವರು ಕೊಟ್ಟ ಅರ್ಥ. ವುರ್ಟೆಂಬರ್ಗಿನವರು ಇದೇ ಪುಸ್ತಕ ಇಟ್ಟುಕೊಂಡು ತಮ್ಮ ದ್ರಾಕ್ಷಿ ತೋಟ ಮಾರಿ ಹೊರಟಿದ್ದರು ಎಂಬುದು ಓದುವಾಗ ಮತ್ತೆ ಮತ್ತೆ ನೆನಪಾಯಿತು.

ಊರು ಬಿತ್ತು. ದೇವಾಲಯ ಸುಟ್ಟಿತು. ಯೆರೆಮೀಯ ಆ ಹೊಲದಲ್ಲಿ ಒಂದು ಸಾಲೂ ಹೊಡೆಯಲಿಲ್ಲ. ಉಳಿದ ಜನ ಅವನನ್ನು ಐಗುಪ್ತಕ್ಕೆ ಕರೆದೊಯ್ದರು. ಬಾಬೆಲಿಗೆ ಸೆರೆಹೋದವರಿಗೆ ಪಾರಸಿ ದೊರೆ ಕೋರೆಷ ಹಿಂದಿರುಗಲು ಅಪ್ಪಣೆ ಕೊಟ್ಟದ್ದು ಕ್ರಿಸ್ತಪೂರ್ವ 538ರಲ್ಲಿ, ಸುಮಾರು ಐವತ್ತು ವರ್ಷದ ಮೇಲೆ. ಮರಳಿ ಬಂದವರ ಪಟ್ಟಿ ಎಜ್ರನ ಪುಸ್ತಕದ 2ನೇ ಅಧ್ಯಾಯದಲ್ಲಿದೆ. ಅದರಲ್ಲಿ ಅನಾತೋತಿನವರು 128 ಮಂದಿ.